ಪರದೇಶಿಯ ಹಕ್ಕಲು

ನೊವೊಮಿ ಬೇತ್ಲೆಹೇಮಿಗೆ ಮರಳಿದ ದಿನ ಊರಿನ ಹೆಂಗಸರು ಸುತ್ತುಗಟ್ಟಿ, ಇವಳು ನಮ್ಮ ನೊವೊಮಿಯೇ ಹೌದೇ ಎಂದು ಬೆರಗಾಗುತ್ತಾರೆ. ಬರಗಾಲಕ್ಕೆ ಹೆದರಿ ಗಂಡ, ಇಬ್ಬರು ಮಕ್ಕಳೊಂದಿಗೆ ಮೋವಾಬಿಗೆ ಹೋದವಳು ಮೂವರನ್ನೂ ಅಲ್ಲೇ ಮಣ್ಣು ಮಾಡಿ ಬಂದಿದ್ದಾಳೆ. ದೇವರು ತನ್ನನ್ನು ಬರಿಗೈಯಲ್ಲಿ ಕರೆತಂದ ಎಂದು ಗೋಳಿಡುತ್ತಾಳೆ. ಹಾಗೆ ಗೋಳಿಡುವಾಗ ಸೊಸೆ ರೂತ್ ಅವಳ ಜೊತೆಯಲ್ಲೇ ಇದ್ದಾಳೆ. ಹುಟ್ಟಿದ ನೆಲವನ್ನೂ ತನ್ನವರ ದೇವರನ್ನೂ ಬಿಟ್ಟು, ಹಿಂತಿರುಗು ಎಂದರೂ ಕೇಳದೆ ಅತ್ತೆಯ ಹಿಂದೆ ನಡೆದು ಬಂದವಳು. ಅವಳು ಯಾರೆಂದು ಒಬ್ಬರೂ ಕೇಳುವುದಿಲ್ಲ, ಅತ್ತೆಯೂ ಹೇಳುವುದಿಲ್ಲ. ಎಷ್ಟು ಸಲ ಓದಿದರೂ ನಾನು ಈ ಜಾಗದಲ್ಲಿ ನಿಂತುಬಿಡುತ್ತೇನೆ. ಮನೆಯವರ ಮೇಲಿನ ನಿಷ್ಠೆ ಮತ್ತು ಹೊರಗಿನವರ ಮೇಲಿನ ಕಾಳಜಿ ಹೀಬ್ರೂ ಶಾಸ್ತ್ರದಲ್ಲಿ ಎಲ್ಲಿ ಬೆಸೆದುಕೊಂಡಿವೆ, ಎಲ್ಲಿ ಬಿರುಕು ಬಿಟ್ಟಿವೆ ಎಂಬುದೆಲ್ಲ ಆ ಮೌನದಲ್ಲಿದೆ.

ಆ ಲೋಕದಲ್ಲಿ ಮನೆತನವೆಂದರೆ ಬರೀ ಮಮತೆಯಲ್ಲ, ಬದುಕಿ ಉಳಿಯುವ ದಾರಿ. ಹತ್ತಿರದ ದಾಯಾದಿಗೆ ‘ಗೋಎಲ್’ ಎಂಬ ಹೆಸರಿದೆ, ಅಂದರೆ ಬಿಡಿಸುವವನು. ಕಷ್ಟಕ್ಕೆ ಸಿಕ್ಕಿ ಮಾರಿದ ನೆಲವನ್ನು ಅವನು ಬಿಡಿಸಬೇಕು, ಸಾಲಕ್ಕೆ ಜೀತಕ್ಕೆ ಬಿದ್ದ ಬಂಧುವನ್ನೂ ಬಿಡಿಸಬೇಕು. ಅಣ್ಣ ಮಕ್ಕಳಿಲ್ಲದೆ ಸತ್ತರೆ ಮೈದುನ ಅತ್ತಿಗೆಯ ಕೈಹಿಡಿದು ಅವನ ಹೆಸರು ಅಳಿಯದಂತೆ ನೋಡಬೇಕು. ಒಲ್ಲೆ ಎಂದರೆ ಅವಳು ಊರ ಹಿರಿಯರ ಎದುರೇ ಅವನ ಕೆರ ಕಳಚಿ ಮುಖಕ್ಕೆ ಉಗಿಯುತ್ತಾಳೆ ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ಹೀಗೆ ರಕ್ತಸಂಬಂಧವೇ ರಕ್ಷಣೆಯಾದ ಕಡೆ, ಅದಿಲ್ಲದವನ ಗತಿಯೇನು?

ಅವನಿಗೆ ಹೀಬ್ರೂವಿನಲ್ಲಿ ‘ಗೇರ್’ ಎನ್ನುತ್ತಾರೆ. ಬೇರೆಲ್ಲಿಂದಲೋ ಬಂದು ನೆಲೆಸಿದವನು, ಸ್ವಂತ ನೆಲವಿಲ್ಲ, ಪರವಾಗಿ ಮಾತಾಡುವ ನೆಂಟರಿಲ್ಲ. ನಮ್ಮ ಮಾತಿನಲ್ಲಿ ಪರದೇಶಿ ಎಂದರೆ ಪರದೇಶದವನು ಮಾತ್ರವಲ್ಲ, ಯಾರೂ ಇಲ್ಲದವನು ಕೂಡ. ಕನ್ನಡದ ಓದುಗನಿಗೆ ಗೇರ್ ಎಂಬ ಪದದ ನೋವನ್ನು ಬೇರೆ ವಿವರಿಸಬೇಕಾಗಿಲ್ಲ.

ಈ ಪರದೇಶಿಗೆ ಶಾಸ್ತ್ರ ಕೊಟ್ಟದ್ದು ಭಿಕ್ಷೆಯಲ್ಲ, ಹಕ್ಕಲು. ಕೊಯ್ಲಿನಲ್ಲಿ ಹೊಲದ ಅಂಚನ್ನು ಬಿಡಬೇಕು, ಉದುರಿದ ತೆನೆಯನ್ನು ಎತ್ತಬಾರದು, ಮರೆತು ಬಂದ ಸಿವುಡಿಗಾಗಿ ಹಿಂದಿರುಗಬಾರದು. ಅದು ಬಡವನ, ವಿಧವೆಯ, ತಬ್ಬಲಿಯ, ಗೇರ್‌ನ ಪಾಲು. ಮುಂದೆ ಮಿಷ್ನಾ ಗ್ರಂಥದ ರಬ್ಬಿಗಳು ಈ ಅಂಚಿಗೆ ಮೇಲ್ಮಿತಿ ಇಲ್ಲವೆಂದರು, ಆದರೆ ಬೆಳೆಯ 60ರಲ್ಲಿ ಒಂದು ಪಾಲಿಗಿಂತ ಕಡಿಮೆ ಆಗಕೂಡದೆಂದೂ ಗೆರೆ ಎಳೆದರು. ಕರುಣೆಯನ್ನು ಮಾಲೀಕನ ಮನಸ್ಸಿಗೆ ಬಿಡದೆ ಅಳತೆಗೆ ಇಳಿಸಿದ್ದು ಈ ಪರಂಪರೆಯ ಬಹು ದೊಡ್ಡ ಸಾಧನೆ ಎಂದು ನನ್ನ ನಂಬಿಕೆ.

ರೂತ್ ತನ್ನ ಮಾವನ ಬಂಧು ಬೋವಜನ ಹೊಲದಲ್ಲಿ ಆಯುವುದು ಈ ಹಕ್ಕಲನ್ನೇ. ಮಧ್ಯಾಹ್ನ ಬೋವಜ ಅವಳನ್ನು ಊಟಕ್ಕೆ ಕರೆದು ಹುರಿದ ಕಾಳು ಕೊಡುತ್ತಾನೆ. ಹೊಟ್ಟೆ ತುಂಬ ತಿಂದು ಒಂದಿಷ್ಟು ಉಳಿಸಿಕೊಳ್ಳುತ್ತಾಳೆ. ಸಂಜೆಯವರೆಗೆ ಆಯ್ದದ್ದನ್ನು ಬಡಿದರೆ ಸುಮಾರು ಒಂದು ಏಫಾ ಜವೆಗೋದಿ, ನಮ್ಮ ಲೆಕ್ಕದಲ್ಲಿ ಅಂದಾಜು 20 ಲೀಟರು. ಅದನ್ನು ಹೊತ್ತು ಊರಿಗೆ ಬಂದು, ತಾನು ಉಳಿಸಿದ ಕಾಳನ್ನೂ ಅತ್ತೆಯ ಮುಂದಿಡುತ್ತಾಳೆ. ನಿಷ್ಠೆ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಅವಳು ಆಡಿದ ದೊಡ್ಡ ಮಾತುಗಳನ್ನು ತೋರಿಸುವುದಿಲ್ಲ, ಆ ಹುರಿಗಾಳನ್ನು ತೋರಿಸುತ್ತೇನೆ. ಅದಕ್ಕೆ ಇನ್ನೊಂದು ಭಾರವೂ ಇದೆ. ಮೋವಾಬ್ಯರು ಹತ್ತನೆಯ ತಲೆಮಾರಿನವರೆಗೂ ದೇವರ ಸಭೆ ಸೇರಬಾರದೆಂದು ಧರ್ಮೋಪದೇಶಕಾಂಡ 23ನೆಯ ಅಧ್ಯಾಯ ಬಾಗಿಲು ಹಾಕುತ್ತದೆ. ಅಲ್ಲಿ ಕೊಡುವ ಕಾರಣಗಳಲ್ಲಿ ಒಂದು, ಐಗುಪ್ತದಿಂದ ದಣಿದು ಬಂದ ಇಸ್ರಾಯೇಲ್ಯರನ್ನು ಅವರು ಅನ್ನ ನೀರು ಕೊಟ್ಟು ಎದುರುಗೊಳ್ಳಲಿಲ್ಲ ಎಂಬುದು. ಈಗ ಹಸಿದ ಇಸ್ರಾಯೇಲ್ಯಳ ಮನೆಗೆ ಕಾಳು ಹೊತ್ತು ತಂದವಳು ಒಬ್ಬ ಮೋವಾಬ್ಯಳು.

ಮೋವಾಬ್ಯರಾದರೂ ಯಾರು? ಅಬ್ರಹಾಮನ ಸಹೋದರನ ಮಗ ಲೋಟನ ಹಿರಿಯ ಮಗಳ ಸಂತತಿ. ಸೊದೋಮಿನಲ್ಲಿ ಮನೆಗೆ ಬಂದ ಅತಿಥಿಗಳನ್ನು ಪುಂಡರಿಂದ ಕಾಪಾಡಲು ಲೋಟ ತನ್ನ ಇಬ್ಬರು ಹೆಣ್ಣುಮಕ್ಕಳನ್ನೇ ಅವರಿಗೆ ಒಪ್ಪಿಸಲು ಮುಂದಾದ. ಅತಿಥಿಸತ್ಕಾರಕ್ಕೆ ಅಬ್ರಹಾಮನ ಡೇರೆಯನ್ನು ಎಲ್ಲರೂ ನೆನೆಯುತ್ತಾರೆ. ಲೋಟನ ಬಾಗಿಲನ್ನೂ ನೆನೆಯಬೇಕು. ನ್ಯಾಯಸ್ಥಾಪಕರು 19ರಲ್ಲಿ ಗಿಬೆಯ ಊರಲ್ಲಿ ಅದೇ ಸಂದರ್ಭ ಮರುಕಳಿಸಿದಾಗ ತಡೆಯಲು, ಲೋಟನ ಅತಿಥಿಗಳಂತೆ, ದೇವದೂತರು ಇರಲಿಲ್ಲ. ಅಲ್ಲಿ ಅತಿಥಿಯಾಗಿದ್ದ ಲೇವಿಯನೊಬ್ಬನ ಉಪಪತ್ನಿ, ಪುಂಡರ ಕೈಗೆ ಸಿಕ್ಕವಳು, ಬೆಳಗಿನ ಜಾವ ಹೊಸ್ತಿಲ ಮೇಲೆ ಕೈ ಚಾಚಿ ಬಿದ್ದಿದ್ದಳು. ಹೊರಗಿನವನನ್ನು ಕಾಯುವ ಧರ್ಮಕ್ಕೆ ಒಳಗಿನ ಹೆಣ್ಣು ಬೆಲೆ ತೆರುವುದನ್ನು ಈ ಶಾಸ್ತ್ರ ಮುಚ್ಚಿಡುವುದಿಲ್ಲ, ನಿಜ. ಗಿಬೆಯ ಕೃತ್ಯವನ್ನು ಘೋರವೆಂದೇ ಹೇಳುತ್ತದೆ. ಆದರೂ ಲೋಟನನ್ನು ನೇರವಾಗಿ ಪ್ರಶ್ನಿಸುವ ಒಂದು ಮಾತೂ ಅಲ್ಲಿಲ್ಲ. ಅದು ಕೊರತೆಯೇ.

ಇಷ್ಟಾದರೂ ಈ ಪರಂಪರೆಯ ಎತ್ತರ ಎಲ್ಲಿದೆ ಎಂದರೆ ನಾನು ಯಾಜಕಕಾಂಡದ 19ನೆಯ ಅಧ್ಯಾಯಕ್ಕೆ ಹೋಗುತ್ತೇನೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ 18ನೆಯ ವಚನದ ಆಜ್ಞೆ ಲೋಕಕ್ಕೆಲ್ಲ ಗೊತ್ತು. ಹದಿನಾರು ವಚನ ದಾಟಿದರೆ ಅದೇ ಪ್ರೀತಿ, ಅದೇ ಅಳತೆಯಲ್ಲಿ, ಗೇರ್‌ಗೂ ಸಲ್ಲುತ್ತದೆ. ಐಗುಪ್ತದಲ್ಲಿ ನೀವೂ ಪರದೇಶಿಗಳಾಗಿದ್ದಿರಿ ಎಂಬುದೇ ಅದಕ್ಕೆ ಕಾರಣ. ಅವನು ನಮ್ಮ ಕುಲ ಸೇರಲಿ, ನಮ್ಮ ಅತ್ತೆಯಂದಿರನ್ನು ಸಾಕಲಿ ಎಂಬ ಷರತ್ತಿಲ್ಲ. ಪರದೇಶಿಯನ್ನು ನೋಯಿಸಬೇಡಿ ಎಂದು ತೋರಾ 36 ಕಡೆ ಎಚ್ಚರಿಸುತ್ತದೆ, ಕೆಲವರ ಪ್ರಕಾರ 46 ಕಡೆ, ಎಂದು ತಾಲ್ಮುದ್ ಎಣಿಸಿಟ್ಟಿದೆ. ಜರ್ಮನಿಯ ಯೆಹೂದಿ ತತ್ತ್ವಜ್ಞಾನಿ ಹರ್ಮನ್ ಕೋಹೆನ್, 1919ರಲ್ಲಿ ಪ್ರಕಟವಾದ ತನ್ನ ಕೊನೆಯ ದೊಡ್ಡ ಕೃತಿಯಲ್ಲಿ, ಮಾನವಕುಲವೆಂಬ ಕಲ್ಪನೆ ಹುಟ್ಟಿದ್ದೇ ಈ ಗೇರ್‌ನಿಂದ ಎಂದು ವಾದಿಸಿದ. ಕೋಹೆನ್ ಉತ್ಸಾಹದಲ್ಲಿ ಕೆಲವನ್ನು ಮರೆತ. ‘ನೊಖ್ರಿ’, ಅಂದರೆ ನೆಲೆಸದೆ ಬಂದು ಹೋಗುವ ಅನ್ಯ, ಅವನಿಂದ ಬಡ್ಡಿ ತೆಗೆದುಕೊಳ್ಳಬಹುದು, ಸ್ವಕುಲದವನಿಂದ ಕೂಡದು. ಸುತ್ತಲಿನ ಜನಾಂಗಗಳವರನ್ನು ಕೊಂಡು ತಲೆತಲಾಂತರ ಗುಲಾಮರಾಗಿ ಇಟ್ಟುಕೊಳ್ಳಬಹುದು. ಗುಲಾಮರ ಕುರಿತ ಈ ಮಾತನ್ನು ಹೇಳುವುದೂ ಅದೇ ಯಾಜಕಕಾಂಡ. ಬೋವಜನ ಮುಂದೆ ಅಡ್ಡಬಿದ್ದ ರೂತ್ ತನ್ನನ್ನು ಕರೆದುಕೊಳ್ಳುವುದು ಗೇರ್ ಎಂದಲ್ಲ, ನೊಖ್ರಿಯಾ ಎಂದು.

ಮುಂದಿನ ವ್ಯಾಖ್ಯಾನಕಾರರು ಈ ಎತ್ತರವನ್ನು ಉಳಿಸಿಕೊಳ್ಳಲಿಲ್ಲ. ರಬ್ಬಿಗಳ ಕಾಲಕ್ಕೆ ಗೇರ್ ಎಂದರೆ ಮುಖ್ಯವಾಗಿ ಮತಾಂತರಗೊಂಡವನು ಎಂದಾಯಿತು. ಪರದೇಶಿಯನ್ನು ಪ್ರೀತಿಸು ಎಂಬುದು ನಮ್ಮವನಾದವನನ್ನು ಪ್ರೀತಿಸು ಎಂದಾಯಿತು. ಅನ್ಯಜನರ ಬಡವರು ಹಕ್ಕಲಾಯುವುದನ್ನು ತಡೆಯಬಾರದೆಂದು ಮಿಷ್ನಾ ಹೇಳುತ್ತದೆ, ಆದರೆ ಊರಿನ ಸಾಮರಸ್ಯಕ್ಕಾಗಿ. ರೂಢಿಯಲ್ಲಿ ಔದಾರ್ಯ ಉಳಿಯಿತು, ತತ್ತ್ವ ಕಿರಿದಾಯಿತು. ಶತ್ರುಗಳ ನಡುವೆ ಚದುರಿ ಬದುಕಿದ ಜನ ತಮ್ಮ ಬೇಲಿ ಗಟ್ಟಿ ಮಾಡಿಕೊಂಡರು ಎಂಬುದು ನನಗೆ ಅರ್ಥವಾಗುತ್ತದೆ. ಅರ್ಥವಾಗದೆ ಉಳಿಯುವುದು ಒರ್ಫಾಳಿಗೆ ಮಾಡಿದ ಅನ್ಯಾಯ. ನೊವೊಮಿಯ ಇನ್ನೊಬ್ಬ ಸೊಸೆ ಅವಳು. ಅತ್ತೆಯ ಮಾತಿನಂತೆಯೇ ಅತ್ತು, ಮುತ್ತಿಟ್ಟು, ತಾಯಿಮನೆಗೆ ಮರಳಿದಳು. ಹೆತ್ತವಳ ಕಡೆಗಿನ ನಿಷ್ಠೆ ನಿಷ್ಠೆಯಲ್ಲವೇ? ಮೂಲ ಕಥೆ ಅವಳನ್ನು ದೂರುವುದಿಲ್ಲ. ತಾಲ್ಮುದ್ ಮಾತ್ರ ಅವಳನ್ನು ಗೊಲ್ಯಾತನ ಪೂರ್ವಜೆಯನ್ನಾಗಿಸಿತು.

ರೂತಳಿಗಾದರೂ ಪೂರ್ತಿ ಸಿಕ್ಕಿತೇ? ಕೊನೆಯ ಅಧ್ಯಾಯದಲ್ಲಿ ಅವಳು ಬಾಯಿ ಬಿಡುವುದಿಲ್ಲ. ಬೋವಜನಿಗಿಂತ ಹತ್ತಿರದ ದಾಯಾದಿ ತನ್ನ ಸ್ವತ್ತಿಗೆ ಧಕ್ಕೆಯಾದೀತೆಂದು ಹಿಂದೆ ಸರಿದ ಮೇಲೆ ಬೋವಜ ಕೈಹಿಡಿದ. ಮಗು ಹುಟ್ಟಿದಾಗ ಊರ ಹೆಂಗಸರು ನೊವೊಮಿಗೆ ಮಗ ಹುಟ್ಟಿದ ಎಂದರು. ಆದರೆ ಅದೇ ಹೆಂಗಸರು, ಮೊದಲ ದಿನ ಅವಳನ್ನು ಕಾಣದವರು, ಈ ಸೊಸೆ ಏಳು ಗಂಡುಮಕ್ಕಳಿಗಿಂತ ಮೇಲು ಎಂದೂ ಹೇಳುತ್ತಾರೆ. ಆ ಮಗುವಿನ ಮೊಮ್ಮಗನೇ ದಾವೀದ.

ರೂತಳ ಪುಸ್ತಕವನ್ನು ಒಂಟಿಯಾಗಿ ಓದಬೇಡಿ. ಎಜ್ರನ ಪುಸ್ತಕದ 10ನೆಯ ಅಧ್ಯಾಯವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಸೆರೆಯಿಂದ ಮರಳಿದ ಜನ ಅಲ್ಲಿ ಮಳೆಯಲ್ಲಿ ನಡುಗುತ್ತ ಕೂತು, ಅನ್ಯಕುಲದ ಹೆಂಡಿರನ್ನು ಮಕ್ಕಳ ಸಮೇತ ಕಳಿಸಿಬಿಡಲು ಒಪ್ಪುತ್ತಾರೆ. ರೂತಳ ಕಥೆ ಇದಕ್ಕೆ ಉತ್ತರವಾಗಿ ಹುಟ್ಟಿತೆಂದು ಕೆಲವು ವಿದ್ವಾಂಸರು, ಅದಕ್ಕಿಂತ ಹಳೆಯದೆಂದು ಉಳಿದವರು. ಎರಡೂ ಒಂದೇ ಶಾಸ್ತ್ರದೊಳಗೆ ಉಳಿದುಬಂದಿವೆ. ಎಜ್ರನ ಅಧ್ಯಾಯ ಆ ಗಂಡಸರ ಪಟ್ಟಿಯೊಂದಿಗೆ ಮುಗಿಯುತ್ತದೆ. ನೂರಕ್ಕೂ ಹೆಚ್ಚು ಹೆಸರುಗಳಿವೆ. ಆ ಹೆಂಗಸರಲ್ಲಿ ಒಬ್ಬಳ ಹೆಸರೂ ಇಲ್ಲ.