ಹಾಡು ತುಂಬಿಕೊಟ್ಟವನು ಗೂಂಡಾ ಆದದ್ದು

ಕೆಲವು ವರ್ಷಗಳ ಹಿಂದೆ ಕೊಳ್ಳೇಗಾಲ, ಹನೂರು, ಯಳಂದೂರಿನ ಪೇಟೆಬೀದಿಗಳಲ್ಲಿ ಮೊಬೈಲ್ ಅಂಗಡಿಗಳದೇ ಭರಾಟೆ. ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಅಂಗಡಿಯ ಹುಡುಗ ಕಂಪ್ಯೂಟರಿನಿಂದ ಮೆಮೊರಿ ಕಾರ್ಡಿಗೆ ಹಾಡು ತುಂಬಿ ಕೊಡುತ್ತಿದ್ದ. ಸಿನಿಮಾ ಹಾಡು, ಕವ್ವಾಲಿ, ಮಾದಪ್ಪನ ಕಥೆ ಎಲ್ಲವೂ ಒಂದೇ ಕಾರ್ಡಿನಲ್ಲಿ. ಅದು ಕಳವು ಎಂದು ಅವನಿಗೂ ಅನಿಸಲಿಲ್ಲ, ಕೊಂಡ ನಮಗೂ ಅನಿಸಲಿಲ್ಲ.

ಕಾನೂನಿನ ಕಣ್ಣಿನಲ್ಲಿ ಅದು ಅಪರಾಧವೇ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನಂತೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಮಾಡಿದ್ದಲ್ಲವಾದರೆ ಶಿಕ್ಷೆ ಇಳಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಕಥೆ ಬರೆಯುವ ನಾವು ಇಂಥ ಕಾಯ್ದೆ ಬೇಡವೆನ್ನಲಾರೆವು. ನಮ್ಮ ಕಥೆಯನ್ನು ಯಾರಾದರೂ ಹೇಳದೆ ಕೇಳದೆ ಅಚ್ಚು ಹಾಕಿದರೆ ನಮಗೂ ಸಂಕಟವಾಗುತ್ತದೆ.

ಆದರೆ ಕರ್ನಾಟಕ ಅಷ್ಟಕ್ಕೆ ನಿಲ್ಲಲಿಲ್ಲ. ಜನ ಗೂಂಡಾ ಕಾಯ್ದೆ ಎಂದು ಕರೆಯುವ 1985ರ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಯಿತು. ಆಸಿಡ್ ಎರಚುವವರು, ಭೂಗಳ್ಳರು, ಲೈಂಗಿಕ ದೌರ್ಜನ್ಯ ಎಸಗುವವರ ಸಾಲಿನಲ್ಲಿ ‘ಡಿಜಿಟಲ್ ಅಪರಾಧಿ’ಯೂ ಸೇರಿದ. ವ್ಯಾಪಾರದ ಉದ್ದೇಶದಿಂದ, ಗೊತ್ತಿದ್ದೂ ಹಾಡು, ಪುಸ್ತಕ, ಸಿನಿಮಾಗಳ ಕೃತಿಸ್ವಾಮ್ಯ ಮುರಿಯುವವನೂ ಅದರಲ್ಲಿ ಬರುತ್ತಾನೆ. ಅಂಥವನನ್ನು ವಿಚಾರಣೆಯಿಲ್ಲದೆ 12 ತಿಂಗಳವರೆಗೆ ಬಂಧನದಲ್ಲಿಡಬಹುದು. ಕೃತ್ಯ ನಡೆಯಬೇಕೆಂದೇನೂ ಇಲ್ಲ, ಸಿದ್ಧತೆ ನಡೆಸಿದ್ದರೂ ಸಾಕು. ಸಲಹಾ ಮಂಡಳಿಯ ಮುಂದೆ ವಕೀಲರ ಮೂಲಕ ವಾದಿಸುವ ಹಕ್ಕೂ ಅವನಿಗಿಲ್ಲ. ಹತ್ತು ರೂಪಾಯಿಯೂ ವ್ಯಾಪಾರವೇ, ಹತ್ತು ಕೋಟಿಯೂ ವ್ಯಾಪಾರವೇ. ಈ ಅಂತರ ಕಾಣದ ಕಾಯ್ದೆ ನ್ಯಾಯದ ತಕ್ಕಡಿ ಹಿಡಿದಿದೆ ಎನ್ನುವುದು ಹೇಗೆ?

ಇಷ್ಟೆಲ್ಲ ಕಾವಲು ಯಾರ ಸೊತ್ತಿಗೆ? ಧ್ವನಿಮುದ್ರಣದ ಕರ್ತೃ ಎಂದರೆ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದರ ನಿರ್ಮಾಪಕ. ಮಲೆ ಮಹದೇಶ್ವರನ ಕಾವ್ಯವನ್ನು ತಲೆಮಾರುಗಳಿಂದ ಬಾಯಲ್ಲೇ ಕಾಪಾಡಿದವರು ಕಂಸಾಳೆಯವರು. ಮಂಟೇಸ್ವಾಮಿಯ ಕಥೆ ಉಳಿದದ್ದು ನೀಲಗಾರರ ಕೊರಳಿನಲ್ಲಿ. ಗುರುವಿನ ಬಾಯಿಂದ ಶಿಷ್ಯನ ಬಾಯಿಗೆ ಹಾದು ಬಂದ ಹಾಡು ಯಾರೊಬ್ಬರ ಆಸ್ತಿಯೂ ಅಲ್ಲ. ಅದು ಕ್ಯಾಸೆಟ್ಟಿಗೆ ಇಳಿದ ಮೇಲೆ ಆ ಮುದ್ರಣಕ್ಕೆ ಒಡೆಯನೊಬ್ಬ ಹುಟ್ಟುತ್ತಾನೆ. 2012ರ ತಿದ್ದುಪಡಿ ಹಾಡುವವನಿಗೂ ಅವನ ಹೆಸರು ಹೇಳಿಸಿಕೊಳ್ಳುವ, ವ್ಯಾಪಾರದ ಗಳಿಕೆಯಲ್ಲಿ ಪಾಲು ಪಡೆಯುವ ಹಕ್ಕು ಕೊಟ್ಟಿತು. ಅದು ಒಳ್ಳೆಯ ಮಾತು. ಆದರೆ ಆ ಪಾಲು ಕೊಡದವರನ್ನು ಯಾರೂ ಗೂಂಡಾ ಎಂದು ಕರೆದದ್ದನ್ನು ನಾವು ಕೇಳಿಲ್ಲ. ಸುಲಭವಾಗಿ ಕೈಗೆ ಸಿಗುವವನು ಅಂಗಡಿಯ ಹುಡುಗ.

ಕೊನೆಗೆ ಕಾರ್ಡಿನ ವ್ಯಾಪಾರವನ್ನು ಕರಗಿಸಿದ್ದು ಜೈಲಿನ ಭಯವಲ್ಲ. 2016ರ ನಂತರ ಡೇಟಾ ಅಗ್ಗವಾಯಿತು, ಹಾಡು ನೇರವಾಗಿ ಫೋನಿಗೇ ಬಂತು. ಜನ ಕಳ್ಳರಾಗಿರಲಿಲ್ಲ, ಕೈಗೆಟುಕುವ ಬೆಲೆಯ ಹಾಡನ್ನು ಹುಡುಕುತ್ತಿದ್ದರು ಅಷ್ಟೆ.

ಹಕ್ಕು ಎಂಬ ಮಾತು ಮೂಲದಲ್ಲಿ ಅರಬ್ಬಿಯದು. ಉರ್ದುವಿನಲ್ಲಿ ಅದಕ್ಕೆ ಸತ್ಯ ಎಂಬ ಅರ್ಥವೂ ಇದೆ. ಹಾಡಿದವನ ಪಾಲನ್ನು ಮರೆತು, ತುಂಬಿಕೊಟ್ಟವನನ್ನು ವಿಚಾರಣೆಯಿಲ್ಲದೆ ಕೂಡಿಹಾಕಬಲ್ಲ ಕಾಯ್ದೆಯಲ್ಲಿ ಹಕ್ಕಿನ ಮೊದಲ ಅರ್ಥ ಇರಬಹುದು, ಎರಡನೆಯದು ನಮಗೆ ಕಾಣಲಿಲ್ಲ.