ಭಗೀರಥಜನ್ಮಪ್ರಕರಣವೂ ಸಲಿಂಗವಿವಾಹದ ವಿವಾದವೂ

ಸಲಿಂಗವಿವಾಹಕ್ಕೆ ಕಾನೂನಿನ ಮನ್ನಣೆ ಬೇಕೆಂಬ ಮೊರೆಯು 2023ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಕೇಂದ್ರ ಸರ್ಕಾರವು ಅದನ್ನು ನಗರವಾಸಿಗಳಾದ ಮೇಲುವರ್ಗದವರ ಮತವೆಂದು ಬಣ್ಣಿಸಿತು. ರಾಜ್ಯಗಳ ಅಭಿಪ್ರಾಯವನ್ನೂ ಕೇಳಿತು. ರಾಜಸ್ಥಾನ, ಅಸ್ಸಾಂ, ಆಂಧ್ರಪ್ರದೇಶಗಳು ವಿರೋಧಿಸಿದುವು. ಉತ್ತರವಿತ್ತ ಉಳಿದವು ಕಾಲಾವಕಾಶ ಬೇಡಿದುವು. ನಮ್ಮ ಧರ್ಮಕ್ಕೂ ನಾಡಿನ ನಡತೆಗೂ ಇದು ಹೊರಗೆಂಬ ಈ ವಾದವನ್ನು ಪರೀಕ್ಷಿಸುವವರು ಕೃತ್ತಿವಾಸನ ಬಂಗಾಳೀ ರಾಮಾಯಣವನ್ನು ಒಮ್ಮೆ ತೆರೆದು ನೋಡತಕ್ಕದ್ದು.

ವಾಲ್ಮೀಕಿಯಲ್ಲಿ ಭಗೀರಥನು ದಿಲೀಪನ ಮಗನೆಂದಿಷ್ಟೇ ಉಂಟು. ಹದಿನೈದನೆಯ ಶತಮಾನದವನೆನ್ನಲಾದ ಕೃತ್ತಿವಾಸನ ಕಥೆಯೇ ಬೇರೆ. ದಿಲೀಪನು ಮಕ್ಕಳಿಲ್ಲದೆ ತೀರಿಕೊಳ್ಳುತ್ತಾನೆ. ಸೂರ್ಯವಂಶವು ಅಳಿದರೆ ವಿಷ್ಣುವು ಅವತರಿಸುವುದೆಲ್ಲಿ ಎಂದು ದೇವತೆಗಳಿಗೆ ಚಿಂತೆ. ಶಿವನು ಅಯೋಧ್ಯೆಗೆ ಬಂದು ವಿಧವೆಯರಾದ ಇಬ್ಬರು ರಾಣಿಯರಿಗೆ, ಪರಸ್ಪರ ಸಂಗದಿಂದಲೇ ಪುತ್ರನಾಗುವನೆಂದು ವರವೀಯುತ್ತಾನೆ. ಹುಟ್ಟಿದ ಶಿಶುವಿಗೆ ಎಲುಬಿಲ್ಲ. ಇಂತಹ ಸಂಯೋಗದ ಶಿಶುವು ಅಸ್ಥಿರಹಿತವೆಂಬ ಮಾತು ಸುಶ್ರುತಸಂಹಿತೆಯಲ್ಲಿಯೂ ಇರುವುದರಿಂದ ಇದು ಬರಿಯ ಹಳ್ಳಿಯ ಕಟ್ಟುಕಥೆಯಲ್ಲ. ನಾಚಿದ ರಾಣಿಯರು ಶಿಶುವನ್ನು ಸರಯೂ ನದಿಗೆ ಎಸೆಯಹೊರಡುತ್ತಾರೆ. ವಸಿಷ್ಠನ ಮಾತಿನಂತೆ ದಾರಿಯಲ್ಲಿ ಮಲಗಿಸುತ್ತಾರೆ. ಅಲ್ಲಿಗೆ ಅಷ್ಟಾವಕ್ರನು ಬರುತ್ತಾನೆ. ಶಿಶುವಿನ ಹೊರಳಾಟವನ್ನು ಕಂಡು, ತನ್ನ ಸೊಟ್ಟ ಮೈಯನ್ನು ಅಣಕಿಸುತ್ತಿದೆಯೋ ಎಂದು ಶಂಕಿಸಿ, ಅಣಕವಾದರೆ ನಾಶವಾಗಲಿ, ಸ್ವಭಾವವೇ ಆದರೆ ಸರ್ವಾಂಗಸುಂದರವಾಗಲಿ ಎನ್ನುತ್ತಾನೆ. ಮಗು ಎದ್ದು ನಿಲ್ಲುತ್ತದೆ. ಪ್ರಕರಣದ ಜೀವಾಳ ಇಲ್ಲಿದೆ. ಸ್ವಭಾವವನ್ನು ದೂಷಿಸದ ಆ ನಾಲಗೆಯು ಲೋಕದ ಅಣಕವನ್ನುಂಡ ಮುನಿಯದು. ಇಬ್ಬರ ಭಗದಿಂದ ಜನಿಸಿದವನು ಭಗೀರಥನೆಂಬ ನಿರ್ವಚನವನ್ನು ಮಾತ್ರ ವೈಯಾಕರಣರು ಒಪ್ಪಲಾರರು.

ಈ ಕಥೆಯಿಂದ ವಿವಾಹದ ಹಕ್ಕು ಸಿದ್ಧವಾಯಿತೆನ್ನುವವರೂ ಅವಸರದವರೇ. ವರವು ವಂಶಕ್ಕಾಗಿ ಬಂದುದು. ರಾಣಿಯರ ಒಲವನ್ನು ಶಿವನು ವಿಚಾರಿಸಲಿಲ್ಲ. ಹಸ್ತಪ್ರತಿಗಳಲ್ಲಿ ಪಾಠಭೇದಗಳೂ ಹೇರಳ. ಆದರೂ ಗಂಗೆಯನ್ನು ಭೂಮಿಗೆ ತಂದವನ, ಶ್ರೀರಾಮನ ಪೂರ್ವಜನ ಹುಟ್ಟನ್ನು ಹೀಗೆ ಹೇಳಿದ ಕಾವ್ಯವನ್ನು ಬಂಗಾಳದ ಮನೆಮನೆಯಲ್ಲಿ ಭಕ್ತಿಯಿಂದ ಓದಿದರೆಂಬುದು ಸಣ್ಣ ಮಾತಲ್ಲ. ವಾಲ್ಮೀಕಿಯ ಮೌನವೂ ಕೃತ್ತಿವಾಸನ ವಿಸ್ತಾರವೂ ಒಂದೇ ಧರ್ಮದೊಳಗಿನವು.

2023ರ ಅಕ್ಟೋಬರ್ 17ರಂದು ಐವರ ಪೀಠವು, ವಿವಾಹವು ಮೂಲಭೂತ ಹಕ್ಕಲ್ಲವೆಂದು ಏಕಮತದಿಂದ ಹೇಳಿ, ವಿಷಯವನ್ನು ಶಾಸನಸಭೆಗಳಿಗೆ ಬಿಟ್ಟಿತು. ಇದು ನಗರದವರ ಗೀಳಲ್ಲವೆಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರು ತಮ್ಮ ತೀರ್ಪಿನಲ್ಲಿ ಬರೆದರು. ವಿಚಾರಣೆ ನಡೆದುದಾದರೂ 1954ರ ವಿಶೇಷ ವಿವಾಹ ಕಾಯಿದೆಯ ಮೇಲೆ. ಆ ಕಾಯಿದೆಯಂತೆ ಮದುವೆಯಾಗಲು ಹೋಮವೂ ಬೇಡ, ಪುರೋಹಿತನೂ ಬೇಡ.