ಕುಣಿಯುವವರೇ ಕಾಸು ಕೊಡುವ ರಂಗ

ಡಿಸೆಂಬರಿನ ಮಾರ್ಗಳಿ ಉತ್ಸವ ಹತ್ತಿರವಾದಂತೆ ಬೆಂಗಳೂರು, ಮೈಸೂರಿನ ನೃತ್ಯಶಾಲೆಗಳಲ್ಲೂ ಚೆನ್ನೈನದೇ ಮಾತು. ಮೈಲಾಪುರ, ತ್ಯಾಗರಾಯನಗರದಲ್ಲಿ ಕಛೇರಿ ಏರ್ಪಡಿಸುವ ಸಭಾಗಳಲ್ಲಿ ಒಮ್ಮೆ ಕುಣಿದು ಬಂದರೆ ಭರತನಾಟ್ಯ ಕಲಾವಿದೆಗೆ ಮನ್ನಣೆ ಸಿಕ್ಕಂತೆ. ಅದಕ್ಕಾಗಿ ಎಷ್ಟೋ ಎಳೆಯ ಕಲಾವಿದೆಯರು ನಟ್ಟುವಾಂಗ, ಹಾಡುಗಾರಿಕೆ, ಮೃದಂಗ, ಪಿಟೀಲಿನವರ ಸಂಭಾವನೆಯನ್ನೂ ಮೇಕಪ್, ಪ್ರಯಾಣದ ಖರ್ಚನ್ನೂ ತಾವೇ ಹೊರುತ್ತಾರೆ. ಕೆಲವೆಡೆ ದೇಣಿಗೆಯ ಹೆಸರಿನಲ್ಲಿ ಸಭಾಕ್ಕೂ ಹಣ ಕೊಡಬೇಕಾಗುತ್ತದೆ ಎಂಬ ದೂರು ಕಲಾವಿದರ ನಡುವೆ ಹಳೆಯದು. ಮಧ್ಯಾಹ್ನದ ಕಛೇರಿಗೆ ಹೆಚ್ಚಾಗಿ ಟಿಕೆಟ್ ಇರುವುದಿಲ್ಲ, ಜನವೂ ಇರುವುದಿಲ್ಲ.

ಕಲೆ ವ್ಯಾಪಾರವಾಯಿತು ಎಂದು ಇದಕ್ಕೆ ಮರುಗುವವರಿದ್ದಾರೆ. ನನ್ನ ತಕರಾರು ಬೇರೆ. ಕುಣಿತದಿಂದಲೇ ಬದುಕುತ್ತಿದ್ದವಳನ್ನು ರಂಗದಿಂದ ಇಳಿಸಿದ ದಿನವೇ ಈ ಅವಸ್ಥೆ ಶುರುವಾಯಿತು.

ಭರತನಾಟ್ಯದ ಹಿಂದಿನ ರೂಪವಾದ, ದೇವದಾಸಿಯರು ಕುಣಿಯುತ್ತಿದ್ದ ಸದಿರಾಟ ಸಂಬಳ, ಸಂಭಾವನೆಯ ಕಲೆಯಾಗಿತ್ತು. ದೇವಸ್ಥಾನ, ಅರಮನೆ, ಮದುವೆಮನೆ, ಎಲ್ಲಿ ಕುಣಿದರೂ ನರ್ತಕಿಗೆ ಸಲ್ಲಬೇಕಾದದ್ದು ಸಲ್ಲುತ್ತಿತ್ತು. ಕಛೇರಿಯಲ್ಲಿ ನೃತ್ಯಗಳನ್ನು ಒಂದಾದ ಮೇಲೊಂದು ಜೋಡಿಸುವ ಇಂದಿನ ಮಾರ್ಗಂ ಕ್ರಮವನ್ನು ಕಟ್ಟಿದ ತಂಜಾವೂರು ಸಹೋದರರಲ್ಲಿ ಚಿನ್ನಯ್ಯನವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯ ಪಡೆದವರು. ದೇವದಾಸಿ ಪದ್ಧತಿಯ ವಿರುದ್ಧ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ನಡೆಸಿದ ಹೋರಾಟಕ್ಕೆ ಬಲವಾದ ಕಾರಣಗಳಿದ್ದವು. ಅದನ್ನು ಮರೆತು ಹಳೆಯದನ್ನು ಹೊಗಳಬಾರದು. ಅದೇ ಕಾಲಕ್ಕೆ ವಕೀಲ ಇ. ಕೃಷ್ಣ ಅಯ್ಯರ್ ನೃತ್ಯದ ಪರ ನಿಂತರು. 1931ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ದೇವದಾಸಿ ಮನೆತನದ ಕಲ್ಯಾಣಿ ಪುತ್ರಿಯರ ನೃತ್ಯವನ್ನು ಏರ್ಪಡಿಸಿತು. 1935ರ ಕೊನೆಯಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅಡ್ಯಾರಿನಲ್ಲಿ ರಂಗವೇರಿದರು. ಮರುವರ್ಷ ಅವರ ನೃತ್ಯಶಾಲೆ ಕಲಾಕ್ಷೇತ್ರ ಹುಟ್ಟಿತು. ಅಂಗಶುದ್ಧಿ, ಉಡುಪು, ರಂಗಸಜ್ಜಿಕೆ, ನೃತ್ಯನಾಟಕ ಇವೆಲ್ಲದರಲ್ಲಿ ಕಲಾಕ್ಷೇತ್ರದ ಋಣ ದೊಡ್ಡದು. ಆದರೆ ಶೃಂಗಾರದ ಹಾಡುಗಳಾದ ಎಷ್ಟೋ ಪದಗಳನ್ನು ಅದು ಬದಿಗಿಟ್ಟಿತು. ಪಾಠ ಹೇಳಿದ ನಟ್ಟುವನಾರರಿಗೆ ಗೌರವ ಸಿಕ್ಕಿತು. ಕುಣಿಯುತ್ತಿದ್ದ ಮನೆತನಗಳ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರಿಗೆ ಹೊಸ ರಂಗದಲ್ಲಿ ಜಾಗವಿರಲಿಲ್ಲ.

ಉಳಿದುಕೊಂಡವರಲ್ಲಿ ಟಿ. ಬಾಲಸರಸ್ವತಿಯವರು ಮೊದಲಿಗರು. ವೀಣೆ ಧನಮ್ಮಾಳ್ ಅವರ ಮೊಮ್ಮಗಳು, ಕಂದಪ್ಪ ಪಿಳ್ಳೆಯವರ ಶಿಷ್ಯೆ. ಕುಣಿಯುತ್ತಲೇ ತಾವೂ ಹಾಡುವರು. ಪದದ ಒಂದೇ ಸಾಲನ್ನು ಹಿಡಿದು ಭಾವದ ಮೇಲೆ ಭಾವವನ್ನು ಅಲ್ಲಲ್ಲೇ ಕಟ್ಟುವರು. ಶೃಂಗಾರವನ್ನು ತೊಳೆದು ಶುದ್ಧ ಮಾಡಬೇಕಿಲ್ಲ, ಅದೇ ಈ ನೃತ್ಯದ ಜೀವ ಎಂಬ ನಿಲುವನ್ನು ಅವರು ಕೊನೆಯವರೆಗೆ ಬಿಡಲಿಲ್ಲ. 1975ರಲ್ಲಿ ತಮಿಳ್ ಇಸೈ ಸಂಗಮದ ಅಧ್ಯಕ್ಷ ಭಾಷಣದಲ್ಲಿ ಮಾರ್ಗಂ ಕ್ರಮವನ್ನು ಗೋಪುರದಿಂದ ಗರ್ಭಗುಡಿಯವರೆಗಿನ ನಡೆಗೆ ಹೋಲಿಸಿದರು. ಸಂಭಾವನೆ ಪಡೆದು ಕುಣಿದದ್ದರಿಂದ ಅವರ ಕಲೆಗೆ ಯಾವ ಮೈಲಿಗೆಯೂ ತಟ್ಟಲಿಲ್ಲ.

ನಮ್ಮ ಕೆ. ವೆಂಕಟಲಕ್ಷಮ್ಮನವರದೂ ಇದೇ ಕತೆ. ಜಟ್ಟಿ ತಾಯಮ್ಮನವರಿಂದ ಕಲಿತು ಮೈಸೂರು ಅರಮನೆಯ ವಿದುಷಿಯಾಗಿ, ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿ ಬದುಕಿದರು. ಅವರ ಅಭಿನಯ ಹಣ್ಣಾದದ್ದು ಹೊಟ್ಟೆಪಾಡಿನ ಚಿಂತೆಯಿಲ್ಲದೆ ದಶಕಗಟ್ಟಲೆ ಅದರಲ್ಲೇ ಮುಳುಗಿದ್ದರಿಂದ. ಈ ಮಾತನ್ನು ಒತ್ತಿ ಹೇಳಬೇಕು. ಮನೋಧರ್ಮ ಬೆಳೆಯಲು ಮತ್ತೆ ಮತ್ತೆ ರಂಗವೇರಬೇಕು. ಪ್ರತಿ ಸಲವೂ ಸ್ವಂತ ಹಣ ಸುರಿಯಬೇಕಾದವಳು ವರ್ಷಕ್ಕೆ ಎಷ್ಟು ಸಲ ಕುಣಿದಾಳು? ಕುಣಿದಾಗಲೂ ತಪ್ಪಬಾರದೆಂಬ ಭಯದಲ್ಲಿ ಜತಿ, ಮುಖಭಾವ ಎಲ್ಲವನ್ನೂ ಮೊದಲೇ ಅಳೆದು ಬಿಗಿದಿರುತ್ತಾಳೆ. ಚುರುಕು ಜತಿಗಳ ತೀರ್ಮಾನಗಳು ಹೆಚ್ಚಿ, ನಿಧಾನಗತಿಯ ಕ್ಷೇತ್ರಯ್ಯನ ಪದ ಅಪರೂಪವಾಗಿರುವುದು ಇದರಿಂದಲೇ.

ನರ್ತಕಿಯರನ್ನು ಹೊರದೂಡಿದ್ದು ಇಲ್ಲಿ ಮಾತ್ರವಲ್ಲ. ಈಜಿಪ್ಟಿನ ಕೈರೋದಲ್ಲೂ 1834ರಲ್ಲಿ ಘವಾಜಿ ನರ್ತಕಿಯರನ್ನು ನಗರದಿಂದ ಹೊರಹಾಕಿದ್ದರು. ಮುಂದೆ 1920ರ ದಶಕದಲ್ಲಿ ಬಾದಿಯಾ ಮಸಾಬ್ನಿಯವರ ರಂಗಮಂದಿರ ಬೆಲ್ಲಿ ಡ್ಯಾನ್ಸಿಗೆ ಹೊಳೆಯುವ ಉಡುಪನ್ನೂ ಮೇಳದ ಕುಣಿತವನ್ನೂ ತಂದಿತು. ಅದು ಅಪ್ಪಟ ವ್ಯಾಪಾರ. ಆದರೂ ಅಲ್ಲಿ ನರ್ತಕಿಗೆ ಸಂಬಳವಿತ್ತು, ಎದುರಿಗೆ ದುಡ್ಡು ಕೊಟ್ಟು ಕೂತ ಜನರಿದ್ದರು; ತಹಿಯಾ ಕಾರಿಯೋಕಾ, ಸಾಮಿಯಾ ಗಮಾಲ್ ಅಲ್ಲಿಂದಲೇ ಬೆಳೆದು ಬಂದರು.

ಚೆನ್ನೈನ ಸಭಾಗಳು ಕಛೇರಿಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಲಿ, ಉಳಿದ ಅರ್ಧಕ್ಕೆ ಸಂಭಾವನೆ ಕೊಡಲಿ. ಬೆಂಗಳೂರಿನ ರಂಗಪ್ರವೇಶಗಳಿಗೆ ಲಕ್ಷಗಟ್ಟಲೆ ಖರ್ಚು ಮಾಡುವ ತಂದೆತಾಯಂದಿರು ಮಗಳನ್ನು ವರ್ಷವಿಡೀ ಟಿಕೆಟ್ ಕೊಂಡು ಬೇರೆಯವರ ನೃತ್ಯ ನೋಡಲು ಕರೆದೊಯ್ಯಲಿ. ಓದುಗರೇ, ಈ ಡಿಸೆಂಬರಿನಲ್ಲಿ ಚೆನ್ನೈಗೆ ಹೋದರೆ ಮಧ್ಯಾಹ್ನದ ಕಛೇರಿಗೂ ಹೋಗಿ, ಕೊನೆಯ ತಿಲ್ಲಾನದವರೆಗೆ ಕೂತಿರಿ.